ಮೋರಿ ದಾಟದ ಪಲ್ಲೆ ಗಾಡಿ

ಇದನ್ನು ನೀವು ನಂಬುವುದಿಲ್ಲ. ದೇವದುರ್ಗದ ನಮ್ಮ ಕಾಲೊನಿಯಲ್ಲೂ ನನ್ನ ಮಾತನ್ನು ಅರ್ಧಕ್ಕಿಂತ ಹೆಚ್ಚು ಯಾರೂ ನಂಬುವುದಿಲ್ಲ, ಅದು ಅವರ ಜಾಣತನ. ಆದರೆ ಒಬ್ಬ ಬ್ಯಾಂಕ್ ಮ್ಯಾನೇಜರ್, ಅವನ ಹೆಂಡತಿ, ಗಜ್ಜರಿ ತಿನ್ನುವ ಅವರ ನಾಯಿ, ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹುಟ್ಟಿಸಿದ್ದು ನಿಜ. ಅದೂ ಒಂದು ಸಿವುಡು ಪುಂಡಿ ಪಲ್ಲೆಗಾಗಿ, ಒಂದು ಕಟ್ಟು ಹುಳಿ ಸೊಪ್ಪಿಗಾಗಿ.

ಪಲ್ಲೆ ಬೇಕಾಗಿದ್ದು ನಮ್ಮಕ್ಕನಿಗೆ. ಅವಳನ್ನು ಮಾನ್ವಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ಕರೆತಂದೆವು. ಕಳಿಸುವಾಗ ಅವಳ ಅತ್ತೆ ಬಾಗಿಲಲ್ಲಿ ನಿಂತು, "ನಮ್ಮ ಮನಿ ಹಿಂದ ಕಾಯಿಪಲ್ಲೆ ಮಾರ್ಕೆಟ್ ಅದ ಬೀಗತಿ. ನಿಮ್ಮ ಕಡಿ ಏನ್ ಸಿಗ್ತದ, ಬಿಸಿಲು?" ಅಂದಿದ್ದಳು. ಅವ್ವ ಆವತ್ತು ದೇವದುರ್ಗ ಮುಟ್ಟುವವರೆಗೂ ಬಸ್ಸಿನಲ್ಲಿ ಹಲ್ಲು ಕಡಿದಳು. ಕಂಡಕ್ಟರ್ ಇಂಜಿನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಗಾಡಿ ನಿಲ್ಲಿಸಿದ. ಸರಿ, ಒಂದು ಸಲ.

ಅಕ್ಕನ ತಪಾಸಣೆಗೆ ರಾಯಚೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಅಕ್ಕನ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಭಾಳ ಕಡಿಮಿ ಅದ. ಬರೇ ಗುಳಿಗಿ ನುಂಗಿದ್ರ ಆಗಲ್ಲ. ತಪ್ಪಲ ಪಲ್ಲೆ, ಹಣ್ಣು, ತತ್ತಿ ತಿನ್ನು. ಮುಂದಿನ ಸಲ ಏರಿರಲಿಲ್ಲಂದ್ರ ನಿಮ್ಮೂರಾಗ ಹೆರಿಗಿ ಮಾಡಲ್ಲ. ಇಲ್ಲಿಗೇ ಬರಬೇಕು, ರಕ್ತ ಏರಸಬೇಕಾಗ್ತದ. ಕೂಸಿಗೂ ಚೊಲೋ ಅಲ್ಲ" ಅಂದರು. ಅಕ್ಕ ಹೊರಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರು ಅಂದಳು.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಗಾಜಿನ ಬಾಗಿಲಿನ ಹಣ್ಣು-ತರಕಾರಿ ಅಂಗಡಿಯೊಂದಿತ್ತು. ಒಳಗೆ ಎಷ್ಟು ತಂಪೆಂದರೆ ಸೇಬುಹಣ್ಣುಗಳಿಗೆ ನೆಗಡಿ ಆಗಿತ್ತು. ಪಾಲಕ್ ಪಲ್ಲೆಯ ಮೇಲೆ ನೀರು ತಾನೇ ಸುಂಯ್ ಅಂತ ಉದುರುತ್ತಿತ್ತು. ನಮ್ಮ ಕಾಲೊನಿಯ ನಲ್ಲಿ ಇಡೀ ವಾರದಲ್ಲಿ ನಮಗೆ ಕೊಡದಷ್ಟು ನೀರು ಆ ಪಾಲಕ್‌ಗೆ ಒಂದು ತಾಸಿನಲ್ಲಿ ಸಿಗುತ್ತದೆ. ಮುಂದಿನ ಜನ್ಮದಲ್ಲಿ ದೇವರು ನನ್ನನ್ನು ರಾಯಚೂರಿನ ಪಾಲಕ್ ಮಾಡಲಿ.

ಅಲ್ಲಿ ದಾಳಿಂಬೆಗೆ ಒಂದೊಂದಕ್ಕೂ ಜಾಳಿಗೆಯ ಅಂಗಿ ತೊಡಿಸಿದ್ದರು. ಅವ್ವ ಅವನ್ನೇ ನೋಡುತ್ತ ನಿಂತಳು. ಅವಳು ಕೂಲಿಗೆ ಹೋಗುವುದು ದಾಳಿಂಬೆ ತೋಟಕ್ಕೆ. ಆ ಅಂಗಿ ತೊಡಿಸುವವಳು ಅವಳೇ. ತೋಟದಲ್ಲಿ ಒಡೆದ ಹಣ್ಣನ್ನೂ ತಿನ್ನಲು ಬಿಡುವುದಿಲ್ಲ, ಅದು ಜ್ಯೂಸ್ ಅಂಗಡಿಗೆ ಹೋಗುತ್ತದೆ. ಚೀಟಿಯ ಮೇಲಿನ ದರ ನೋಡಿ ಅವ್ವ, "ನಡೀರಿ, ಬಸ್ ಹೋಗ್ತದ" ಅಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಈಗ ನಮ್ಮ ಕಾಲೊನಿಯ ಅಂಗಡಿ ಕೇಳಿ. ಒಂದೇ ಒಂದು. ಬಾಗಿಲಿಗೆ ತೋರಣದ ಹಾಗೆ ಕುರುಕುರೆ ಪಾಕೀಟು, ಗುಟ್ಕಾ ಸರ, ಬಣ್ಣದ ನೀರಿನ ಬಾಟಲಿ. ಅಂಗಡಿಯಲ್ಲಿ ಹಸಿರಾಗಿರುವುದು ಒಂದೇ, ಅದು ಚಿಪ್ಸ್ ಪಾಕೀಟಿನ ಬಣ್ಣ. ಪಲ್ಲೆ ಯಾಕಿಲ್ಲ ಅಂತ ಕೇಳಿದರೆ ಅಂಗಡಿಯ ಚಿಗವ್ವ, "ಬಾಡಿ ಹೋಗ್ತದ. ಫ್ರಿಜ್ ನಿಮ್ಮಪ್ಪ ಕೊಡಸ್ತಾನೇನು?" ಅನ್ನುತ್ತಾಳೆ. ಊರೊಳಗಿನ ಸಂತೆಗೆ ಅವ್ವ ಕೂಲಿ ಮುಗಿಸಿ ಮುಟ್ಟುವಷ್ಟರಲ್ಲಿ ದನಗಳು ಆರಿಸಿ ಬಿಟ್ಟಿದ್ದು ಉಳಿದಿರುತ್ತದೆ.

ಹಾಗಂತ ಪಲ್ಲೆ ಗಾಡಿ ನಮ್ಮ ಕಡೆ ಬರುವುದೇ ಇಲ್ಲ ಅಂತಲ್ಲ. ದಿನಾ ಬೆಳಿಗ್ಗೆ ಬರುತ್ತದೆ, ಸ್ಪೀಕರ್ ಕಟ್ಟಿದ ಗೂಡ್ಸ್ ಆಟೋ. ಮೋರಿಯ ಹತ್ತಿರ ರಸ್ತೆ ಎರಡಾಗುತ್ತದೆ, ಎಡಕ್ಕೆ ಲೇಔಟ್, ಬಲಕ್ಕೆ ನಾವು. ಮೋರಿ ಬಂದ ಕೂಡಲೇ ಗಾಡಿಯವನು ಸ್ಪೀಕರ್ ಬಂದ್ ಮಾಡುತ್ತಾನೆ, ನಮ್ಮವರು ಯಾರೂ ಓಡಿ ಬರಬಾರದೆಂದು. "ಬದನಿಕಾಯಿ, ಬೆಂಡಿಕಾಯಿ, ಮೆಂತೆ ಪಲ್ಲೆ, ಪುಂಡಿ ಪ..." ಅಷ್ಟೇ. ಪುಂಡಿಯ ನಂತರ ಜಗತ್ತಿನಲ್ಲಿ ಯಾವ ಯಾವ ತರಕಾರಿ ಇವೆಯೋ ನಮ್ಮ ಕಾಲೊನಿಯ ಮಕ್ಕಳಿಗೆ ಗೊತ್ತಿಲ್ಲ.

ಓಡಿ ಹೋಗಿ ಹಿಡಿದರೂ ಅವನದೊಂದು ಪದ್ಧತಿ ಇದೆ. ನಾವು ಚೀಲ ಬಿಚ್ಚಿ ಹಿಡಿಯಬೇಕು, ಅವನು ಮೇಲಿನಿಂದ ಹಾಕುತ್ತಾನೆ. ಆರಿಸುವ ಹಾಗಿಲ್ಲ. ಲೇಔಟಿನ ಹೆಂಗಸರು ಟೊಮೇಟೊ ಹಿಚುಕುತ್ತಾರೆ, ಎಳೆಯದೋ ಬಲಿತದ್ದೋ ಅಂತ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾರೆ, ಮುರಿದದ್ದನ್ನು ಅಲ್ಲೇ ಬಿಟ್ಟು ಬೇರೆಯದನ್ನು ಒಯ್ಯುತ್ತಾರೆ. ಹಾಗೆ ಮುರಿದು ಬಿಟ್ಟದ್ದು ನಮ್ಮ ಚೀಲಕ್ಕೆ. ಒಮ್ಮೆ ನಾನು ಕೈ ಚಾಚಿದ್ದಕ್ಕೆ, "ಏ ಮುಟಬ್ಯಾಡಬೇ! ನೀವು ಮುಟ್ಟಿದ್ದು ನೋಡಿದ್ರ ಲೇಔಟಿನ್ಯಾಗ ಒಬ್ರೂ ತಗೊಳ್ಳಲ್ಲ" ಅಂದ. ಆ ಬೆಂಡೆಕಾಯಿಯನ್ನು ಹೊಲದಲ್ಲಿ ಯಾರ ಕೈ ಕಿತ್ತಿತು ಅಂತ ಅದೇ ಸ್ಪೀಕರಿನಲ್ಲಿ ಕೂಗಲಿ ನೋಡೋಣ. ಇಡೀ ಲೇಔಟು ಅವತ್ತು ಉಪವಾಸ.

ರಾಯಚೂರಿನಿಂದ ಬಂದ ಮರುದಿನ ನಾನು ಕಾಲೇಜಿಗೆ ಚಕ್ಕರ್ ಹೊಡೆದೆ. ಯೂನಿಫಾರ್ಮ್ ಹಾಕಿಕೊಂಡು, ಎರಡು ಜಡೆ ಬಿಗಿದು, ಮೋರಿಯ ಮೇಲೆ ನಿಂತೆ.

"ಅಣ್ಣಾ, ನಮ್ಮ ಓಣ್ಯಾಗ ಬ್ಯಾಂಕ್ ಮ್ಯಾನೇಜರ್ ಸಾಹೇಬ್ರು ಬಾಡಿಗಿಗೆ ಬಂದಾರ. ನಿನ್ನ ಕರಕೊಂಡ ಬಾ ಅಂದಾರ."

"ನಿಮ್ಮ ಓಣ್ಯಾಗಾ? ಸಾಹೇಬ್ರಾ?"

"ಲೇಔಟಿನ್ಯಾಗ ಅವರ ಮನಿ ಕಟ್ಟಾಕತ್ತಾರ, ಮುಗಿಯೋತನಕ ಇಲ್ಲಿ. ಮೂರೂ ಹೊತ್ತು ಕಾಯಿಪಲ್ಲೆನೇ ಬೇಕು ಅವರಿಗೆ. ಅವರ ನಾಯಿ ಸೈತ ಗಜ್ಜರಿ ತಿಂತದ."

"ನಾಯಿ ಗಜ್ಜರಿ ತಿಂತದಾ?"

"ಸಿಪ್ಪಿ ತೆಗೆದು ಕೊಟ್ರ."

ಸಾಹೇಬರನ್ನು ಅವನು ಪೂರ್ತಿ ನಂಬಿರಲಿಲ್ಲ, ನಾಯಿಯನ್ನು ನಂಬಿಬಿಟ್ಟ. ಇಂಥ ನಾಯಿಯನ್ನು ಯಾರೂ ಸುಳ್ಳಾಗಿ ಹುಟ್ಟಿಸಲಾರರು ಅಂತ ಅವನ ಲೆಕ್ಕ. ಆಟೋ ಬಲಕ್ಕೆ ತಿರುಗಿತು. ನಾನು ಮುಂದಿನ ಸೀಟಿನ ತುದಿಯಲ್ಲಿ ಕುಳಿತು, "ಸ್ಪೀಕರ್ ಹಚ್ಚಣ್ಣ, ಅಮ್ಮಾವ್ರಿಗೆ ಕೇಳಬೇಕಲ್ಲ" ಅಂದೆ. ಹಚ್ಚಿದ. ಪುಂಡಿ ಪಲ್ಲೆ ಆದ ಮೇಲೆ ಹೀರಿಕಾಯಿ, ಸೌತಿಕಾಯಿ, ನುಗ್ಗಿಕಾಯಿ, ಪ್ಯಾರಲ ಹಣ್ಣು! ಮಂದಿ ಮನೆಗಳಿಂದ ಹೊರಗೆ ಬಿದ್ದರು. ಒಬ್ಬ ಮುದುಕಿ ಮತದಾನದ ದಿನವೂ ಅಷ್ಟು ಬೇಗ ಎದ್ದವಳಲ್ಲ.

ನಮ್ಮ ಮನೆಯ ಮುಂದೆ ಗಾಡಿ ನಿಂತಿತು. ನಾನು ಇಳಿದು, "ಅಮ್ಮಾವ್ರು ಜಳಕ ಮಾಡಾಕತ್ತಾರ, ಅಲ್ಲೀತನಕ ಇವರಿಗೆ ಕೊಡಣ್ಣ" ಅಂದೆ. ಅವನು ಬೇಡ ಅನ್ನುವುದರೊಳಗೆ ಎಲ್ಲರ ಕೈಗಳೂ ಬುಟ್ಟಿಯಲ್ಲಿದ್ದವು. ಬಸುರಿ ಅಕ್ಕ ನಿಧಾನವಾಗಿ ಬಂದು ಒಂದು ಬೆಂಡೆಕಾಯಿ ಎತ್ತಿಕೊಂಡು ತುದಿ ಮುರಿದಳು. ಟಕ್. ಹಲ್ಲು ಕಾಣುವ ಹಾಗೆ ನಕ್ಕಳು. ಆಮೇಲೆ ಪುಂಡಿ, ಮೆಂತೆ, ಎರಡು ಪೇರಲ ಸೆರಗಿಗೆ ಹಾಕಿಕೊಂಡಳು. ಒಂದು ಟೊಮೇಟೊ ಬೇಡವೆಂದು ವಾಪಸ್ ಇಟ್ಟಳು! ಬೇಡ ಅನ್ನುವುದು ಎಂಥ ಐಶ್ವರ್ಯ ಅಂತ ಅವಳ ಮುಖ ನೋಡಿದ್ದರೆ ನಿಮಗೆ ಗೊತ್ತಾಗುತ್ತಿತ್ತು.

"ಸಾಹೇಬ್ರ ಮನಿ ಯಾವ್ದಬೇ?" ಗಾಡಿಯವನ ದನಿ ಏರಿತು. "ನಾಯಿ ಎಲ್ಲದ?"

ನಾಯಿ ಗಜ್ಜರಿ ಜೀರ್ಣವಾಗಲೆಂದು ವಾಕಿಂಗ್ ಹೋಗಿದೆ ಅನ್ನಲು ನಾನು ಬಾಯಿ ತೆರೆದೆ. ಆಗ ಅವ್ವ ಬಂದಳು. ತೋಟಕ್ಕೆ ಲಾರಿ ಬರಲಿಲ್ಲವೆಂದು ಅವತ್ತು ಎಲ್ಲರನ್ನೂ ವಾಪಸ್ ಕಳಿಸಿದ್ದರು.

"ಯಾವ ಸಾಹೇಬ್ರು?"

ಅವ್ವ ಕಾಲೇಜಿನಲ್ಲಿ ಇರಬೇಕಾಗಿದ್ದ ನನ್ನ ಯೂನಿಫಾರ್ಮ್, ಎರಡು ಜಡೆ ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು.

"ಇಲ್ಲಿ ಸಾಹೇಬ್ರಿಲ್ಲ, ಯಪ್ಪಾ. ನಾವ ಅದೀವಿ."

"ಹಂಗಾರ ಇಡ್ರಿ ಎಲ್ಲ ಕೆಳಗ! ಇದನ್ನೆಲ್ಲ ಮುಟ್ಟಿ ಮುರಿದೀರಿ, ಇನ್ನ ಇದನ್ನ ಯಾರ ತಗೋತಾರ?"

"ಲೇಔಟಿನ ಅಕ್ಕಾರು ಮುರಿದಿದ್ದು ಯಾರ ತಗೋತಾರ?" ಅವ್ವನ ದನಿ ಏರಲಿಲ್ಲ. "ನಮ್ಮ ಚೀಲಕ್ಕ ಹಾಕ್ತಿ. ನಾವು ಮುರಿದಿದ್ದು ಅವರಿಗೆ ಹಾಕು. ಇಡ್ರಿ ಎಲ್ಲಾರೂ. ಸಾಹೇಬ್ರಿಗಂತ ಬಂದದ್ದು ನಮಗ ಬ್ಯಾಡ."

ಮಂದಿ ಒಬ್ಬೊಬ್ಬರಾಗಿ ಇಟ್ಟರು. ಅವ್ವ ಆಟೋದ ಹಿಂದಿನ ಹಲಗೆ ಹಿಡಿದುಕೊಂಡಿದ್ದಳು.

"ನಾಳೆ ನಮಗಂತ ಬಾ. ಬರಲಿಲ್ಲಂದ್ರ ಕೂಲಿ ಬಿಟ್ಟು ಮೋರಿ ಮ್ಯಾಲ ನಾ ಕುಂದರ್ತೀನಿ. ಲೇಔಟಿಗೆ ಹೆಂಗ ಹೋಗ್ತಿ ನೋಡ್ತೀನಿ."

ಅಕ್ಕ ಮಾತ್ರ ಸೆರಗು ಬಿಚ್ಚಲಿಲ್ಲ. "ನಾಳೆತನಕ ಹೊಟ್ಟ್ಯಾಗಿನ ಕೂಸು ಕಾಯ್ತದೇನು ಯವ್ವಾ?" ಅಂದಳು.

ಅವ್ವ ಅವಳ ಮುಖ ನೋಡಲಿಲ್ಲ. ಸೆರಗಿನ ಗಂಟನ್ನು ತಾನೇ ಬಿಚ್ಚಿ, ಮೆಂತೆ, ಪೇರಲ, ಕೊನೆಗೆ ಪುಂಡಿಯ ಸಿವುಡನ್ನೂ ಬುಟ್ಟಿಯ ಮೇಲೆ ಇಟ್ಟು, ಅಕ್ಕನನ್ನು ಒಳಗೆ ಕಳಿಸಿ, ನನ್ನ ಜಡೆ ಹಿಡಿದು ಒಳಗೆ ಎಳೆದು ಬಾಗಿಲು ಹಾಕಿದಳು.