ಹಗೇವಿಗಿಳಿದ ಮಾವನವರು

ನನ್ನ ಮೊಮ್ಮಗಳು ಬರೆದ ಕತೆ ಪತ್ರಿಕೆಯಲ್ಲಿ ಅಚ್ಚಾಗೈತೆ! ಬೆಳಿಗ್ಗೆಯಿಂದ ಬಬ್ಬೂರಿನ ಮನೆಮನೆಗೂ ಹೋಗಿ ತೋರಿಸಿ ಬಂದೆ, ಕಾಲು ನೋಯ್ತಾವೆ, ಆದರೂ ಕುಂತಲ್ಲಿ ಕೂರಲಾರೆ. ಕುರಿ ಕಾಯೋ ಮುದುಕನೊಬ್ಬ ತಾನೇ ಹೇಳಿಕೊಂಡಂಗೆ ಬರೆದವಳೆ. "ಒಂದು ದಿನ ಕುರಿ ಕಾದೋಳಲ್ಲ, ನಿಂಗೆ ಹೆಂಗೆ ತಿಳೀತೇ?" ಅಂದೆ. "ನಾಕು ದಿನ ಅವರ ಕುರಿ ಕೂಡೋ ರೊಪ್ಪದಾಗೆ ಕುಂತಿದ್ದೆ ಅಜ್ಜಿ" ಅಂದಳು. ನಮ್ಮ ಮಾವನವರೇ ಎದುರಿಗೆ ಬಂದು ನಿಂತಂಗಾತು. ನಾನು ಓದಿದ್ದು ಎರಡನೇ ಕ್ಲಾಸು; ಬಂದಂಗೆ ಬರೀತೀನಿ.

ಮಾವನವರದ್ದು ಗಿರಿಜಾ ಮೀಸೆ. ಆ ಮೀಸೆ ಮೇಲೆ ಕಂಬಳಿ ತುದಿಯನ್ನ ಸೆರಗಿನಂಗೆ ಎಳಕೊಂಡು, ಪಡಸಾಲೇಲಿ ಕುಂತು ರಾಜಕುಮಾರಿಯ ಮಾತು ಹೇಳಿಕೊಳ್ಳೋರು. ಊರಿನ ಬಯಲಾಟಕ್ಕೆ ಪ್ರಸಂಗ ಬರೆಯೋರು ಅವರೇ. ಮಾರಿಕಣಿವೆ ಕಟ್ಟೆ ಏಳ್ತಿದ್ದ ಕಾಲ. ಆ ವರ್ಷ, ಅಣ್ಣನೇ ಸೆರೆಗೆ ಹಾಕಿದ ರಾಜಕುಮಾರಿಯ ಕತೆ ಹಿಡಿದಿದ್ದರು. ಓದಿ ಹೇಳಿದಾಗ ಪಕ್ಕದ ಮನೆ ಮುದುಕಿ ನಕ್ಕುಬಿಟ್ಟಳು: "ಏನ್ರೀ ಗೌಡ್ರೇ, ಸೆರೆಯಾದೋಳು ನಲವತ್ತು ಪದ ಹಾಡ್ತಾಳಾ? ಇವಳಿಗೂ ನಿಮ್ಮಂಗೇ ಮೀಸೆ ಐತೆ ಬಿಡ್ರಿ!"

ನಾನು ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ. ಆ ಮನೇಲಿ ನಾನೇ ಸೆರೆಯಾಗಿದ್ದೆ. ಮದುವೇಲಿ ಬೀಗರು ಊರಮುಂದೆ ಬಂದು ಎದುರುಗೊಳ್ಳಲಿಲ್ಲ ಅಂತ ಮುನಿದ ಮಾವನವರು ಮೂರು ವರ್ಷದಿಂದ ನನ್ನನ್ನ ತವರಿಗೆ ಕಳಿಸಿರಲಿಲ್ಲ. ತವರು ಆದಿವಾಲ, ಅರ್ಧ ದಿನದ ದಾರಿಯೂ ಅಲ್ಲ. ಅವ್ವನ ಮುಖ ಎಲ್ಲಿ ಮರೆತು ಹೋದೀತೋ ಅಂತ ನೀರು ಸೇದುವಾಗೆಲ್ಲ ನೆನೆಸಿಕೊಳ್ತಿದ್ದೆ. ಕೇಳೋಣ ಅಂದರೆ, ಸೊಸೆಯಾದೋಳು ಮಾವನ ಮುಂದೆ ಬಾಯಿ ಬಿಡೋ ಹಂಗಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು. ಅಂಗಳದಾಗೆ ರಾಗಿ ತುಂಬೋ ನೆಲದ ಗುಂಡಿ, ಹಗೇವು, ಬರಿದಾಗಿತ್ತು. ಒಳಗೆ ಗಾಳಿ ಐತಾ ಅಂತ ಮಾವನವರು ಅದರೊಳಕ್ಕೆ ದೀಪ ಇಳಿಬಿಟ್ಟರು. ಆರಲಿಲ್ಲ. ತಾವೂ ಇಳಿದರು. "ಸೆರೆ ಅಂದ್ರೆ ಹೆಂಗಿರ್ತೈತೋ ನೋಡ್ತೀನಿ. ಗಾಳಿಗೆ ಸಂದು ಬಿಟ್ಟು ಹಲಗೆ ಮುಚ್ಚವ್ವ. ಕೂಗಿದಾಗ ತೆಗಿ."

ಸ್ವಲ್ಪ ಹೊತ್ತಿಗೇ ಕೂಗಿದರು. ನಾನು ತೆಗೀಲಿಲ್ಲ. ಇದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ವರ್ಷಕ್ಕೊಂದರಂಗೆ ಹಗೇವಿನ ಸುತ್ತ ಮೂರು ಸುತ್ತು ನಡೆದೆ. ಒಳಗಿಂದ ಗಾಬರಿ ದನಿ ಬಂತು: "ಮೇಲೆ ನಡೆಯೋರು ಯಾರು?" ಸೊಸೆ ಉತ್ತರ ಕೊಡಂಗಿಲ್ಲವಲ್ಲ! ಆಮೇಲೆ ಹಲಗೆ ಸರಿಸಿದೆ.

ಮೀಸೆ ತುಂಬ ಧೂಳು. ಬೈತಾರೆ ಅಂತ ತಲೆ ತಗ್ಗಿಸಿದೆ.

"ನಮ್ಮ ಎತ್ತಿನ ಹೆಜ್ಜೆ ಕೂಡ ಗೊತ್ತು ನಂಗೆ. ಮೂರು ವರ್ಷದಿಂದ ಮನೇಲಿರೋ ನಿನ್ನ ಹೆಜ್ಜೆ ಗೊತ್ತಾಗಲಿಲ್ಲವಲ್ಲವ್ವ" ಅಂದರು.

ಮಾರನೇ ದಿನ ತಾವೇ ಗಾಡಿ ಕಟ್ಟಿ ಆದಿವಾಲಕ್ಕೆ ಕರಕೊಂಡು ಹೋದರು. ಅವ್ವ ಬಾಗಿಲಲ್ಲೇ ಕುಸಿದು ಕುಂತಳು.

ಆಟದಾಗೆ ರಾಜಕುಮಾರಿಗೆ ನಲವತ್ತು ಪದ ಇರಲಿಲ್ಲ. ಒಂದೇ ಮಾತು: "ಮೇಲೆ ನಡೆಯೋರು ಯಾರು?" ಪಕ್ಕದ ಮನೆ ಮುದುಕಿ ಸೆರಗಿನಾಗೆ ಮುಖ ಮುಚ್ಚಿಕೊಂಡಳು.

ಕೊನೆಗಾಲಕ್ಕೆ ಮಾವನವರಿಗೆ ಕಣ್ಣು ಹೋಗಿತ್ತು. ನಾನು ಹೊಸ್ತಿಲು ದಾಟಿದರೆ ಸಾಕು, "ಬಂದ್ಯಾ ತಾಯಿ" ಅನ್ನೋರು.

ಇವತ್ತು ಸಂಜೆ ಹೋಳಿಗೆ ಮಾಡಿಸಿದ್ದೆ. ಮೊಮ್ಮಗಳನ್ನ ನಡುವೆ ಕೂರಿಸಿಕೊಂಡು ಎಲ್ಲರೂ ಸಾಲಾಗಿ ಕುಂತಿದ್ದೆವು. ಅಡಿಗೆಮನೆ ಕಡೆಯಿಂದ ಹೆಜ್ಜೆ ಕೇಳಿಸಿತು. ತಿರುಗಿ ನೋಡದೇನೇ ನನ್ನ ಸೊಸೆಗೆ, "ತುಪ್ಪ ಇಲ್ಲಿಟ್ಟು ನೀನೂ ಕುಂತ್ಕಳವ್ವ" ಅಂದೆ. ಅವಳು ಕುಂತ ಮೇಲೇ ನಾವೆಲ್ಲ ಎಲೆಗೆ ಕೈ ಹಾಕಿದ್ದು.