ಕದಿರು ಸರಿದ ಬೆಳಿಗ್ಗೆ

ನಮ್ಮ ಚಿಕ್ಕಮ್ಮನಿಗೆ ಲ್ಯಾಬಿನಲ್ಲಿ ಸೂಜಿಯಕ್ಕ ಎಂದೇ ಹೆಸರು. ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ, ಮುಳ್ಳುಚೆಂಡಿನಂತಿರುವ ಕಡಲಪ್ರಾಣಿಯ ಮೊಟ್ಟೆಗಳನ್ನು ಅಲುಗದಂತೆ ಹಿಡಿಯುವುದು ಅವಳ ಇಪ್ಪತ್ತಾರು ವರ್ಷದ ಕೆಲಸ. ಎರಡು ತಿಂಗಳಿಂದ ಅವಳ ಬಲಗೈ ನಡುಗುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದರೆ ನನ್ನ ಮೇಲೇ ಹರಿಹಾಯ್ದಳು.

"ಬಾಯ್ಮುಚ್ಕೊಂಡಿರೇ. ಕೈ ನಡುಗೋಳಿಗೆ ಸೂಜಿ ಯಾರು ಕೊಡ್ತಾರೆ?"

ಆ ಬೆಳಿಗ್ಗೆ ಮೊಟ್ಟೆಯೊಂದು ಎರಡಾಗಲು ಹೊರಟಿತ್ತು. ಒಳಗೆ ನೂಲುವ ಕದಿರಿನ ಆಕಾರದಲ್ಲಿ ಸಣ್ಣ ಎಳೆಗಳ ಕಟ್ಟು; ಲ್ಯಾಬಿನಲ್ಲಿ ಅದಕ್ಕೆ ಕದಿರು ಎಂದೇ ಹೆಸರು. ಅದರ ನಡುಮಧ್ಯಕ್ಕೆ ಸರಿಯಾಗಿ ಮೊಟ್ಟೆಯ ಸೊಂಟ, ಲಾಡಿ ಎಳೆದ ಹಾಗೆ, ಬಿಗಿಯತೊಡಗಿತ್ತು. ಲ್ಯಾಬಿನ ಮುಖ್ಯಸ್ಥೆ ಮೇಡಂ ಪಕ್ಕದಲ್ಲಿ ಮೈಕ್ರೋಸ್ಕೋಪಿನ ಪರದೆಯ ಮೇಲೆ ಕಣ್ಣು ನೆಟ್ಟಿದ್ದರು. ಅಷ್ಟರಲ್ಲಿ ಚಿಕ್ಕಮ್ಮನ ಕೈ ಅದುರಿ, ಸೂಜಿ ಕದಿರನ್ನು ಪಕ್ಕಕ್ಕೆ ತಳ್ಳಿಬಿಟ್ಟಿತು. ಬಿಗಿದಿದ್ದ ಸೊಂಟ ಸಡಿಲಾಗಿ ಮೊಟ್ಟೆ ಮತ್ತೆ ಗುಂಡಗಾಯಿತು.

ಅವಳು ಸೂಜಿಯನ್ನು ಮೆಲ್ಲಗೆ ಹಿಂದಕ್ಕೆಳೆದಳು. ಮೊಟ್ಟೆ ಸತ್ತಿತು, ತನ್ನ ಗುಟ್ಟೂ ಬಯಲಾಯಿತು ಎಂದುಕೊಂಡಳು. ಮೇಡಂ ಕಡೆ ತಿರುಗುವ ಧೈರ್ಯವೂ ಇರಲಿಲ್ಲ.

ಕೆಲವು ನಿಮಿಷ ಕಳೆದ ಮೇಲೆ ಸೊಂಟ ಬಿಗಿಯುವ ಹೊಸ ಗೆರೆಯೊಂದು ಮೂಡಿತು. ಹಳೆಯ ಜಾಗದಲ್ಲಲ್ಲ, ಕದಿರು ಸರಿದು ಕೂತಲ್ಲಿ.

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಸೂಜಿಯಕ್ಕ, ನೋಡಿದ್ರಾ? ಎಲ್ಲಿ ಬಿಗೀಬೇಕು ಅಂತ ಹೇಳೋದು ಆ ಕದಿರೇ! ನೀವು ಬೇಕಂತಲೇ ಸರಿಸಿದ್ರಿ ತಾನೇ?"

ಹೆದರಿಕೆಯಲ್ಲಿ ಚಿಕ್ಕಮ್ಮನ ಬಾಯಿಂದ "ಹೂಂ" ಬಂದುಬಿಟ್ಟಿತು.

"ಏನು ಕೈ ರೀ ನಿಮ್ದು! ನಾಳೆ ಎಲ್ರ ಮುಂದೆ ಇದನ್ನೇ ಹತ್ತು ಮೊಟ್ಟೆಗೆ ಮಾಡಿ ತೋರಿಸಿ."

ಮೇಜಿನ ಕೆಳಗೆ ಅವಳು ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಿದ್ದಳು. ಈಗ ಎರಡೂ ನಡುಗುತ್ತಿದ್ದವು.