ಕಾಕಾ ಆಗಬೇಕ್ರಿ

ನಮ್ಮ ತಮ್ಮ ಹಣಮೇಶನಷ್ಟು ಭೋಳೆ ಮನಷ್ಯಾ ಈ ಇಳಕಲ್ಲಿನಾಗ ಇನ್ನೊಬ್ಬ ಇಲ್ಲ. ಅಕ್ಕ ಆಗಿ ನಾನ ಹೇಳಾಕತ್ತೇನಿ, ಸಿಟ್ಟಿಲೇ ಹೇಳಾಕತ್ತೇನಿ.

ಬೇವೂರಾಗ ಕುರಿ ಕಾಯೋದು ಬಿಟ್ಟು ಇಲ್ಲಿ ಗ್ರಾನೈಟ್ ಫ್ಯಾಕ್ಟರಿ ಸೇರಿದ. ಮಾಲಕ ಹನಮಂತಪ್ಪನೂ ಬೇವೂರಾವನ, ನಮ್ಮಂಗ ಬೀರಪ್ಪನ ಒಕ್ಕಲ. ಮೊದಲನೇ ದಿನಾನ ಹೆಗಲ ಮ್ಯಾಲೆ ಕೈ ಹಾಕಿ, "ಸಾವಕಾರ ಅನಬ್ಯಾಡೋ ಹುಚ್ಚಾ, ಕಾಕಾ ಅನ್ನು. ಮನಿ ಮಂದಿಗೆ ಹಾಜರಿ ಪುಸ್ತಕದಾಗ ಹೆಸರು ಯಾಕ ಬೇಕು?" ಅಂದ. ಇಂವ ಹಿಗ್ಗಿ ಹೀರಿಕಾಯಿ ಆದ. ಹಬ್ಬಕ್ಕ ಎಲ್ಲಾರಿಗೂ ರಜಾ, ಇವಗಿಲ್ಲ. ಮನಿ ಮಗ ಅಲ್ಲೇನು!

ಒಮ್ಮೆ ಬಾಗಲಕೋಟಿ ಕಾಲೇಜಿನ ಶಿರೀಷ ಸರ್ ಫ್ಯಾಕ್ಟರಿಗೆ ಬಂದು ಭಾಷಣಾ ಮಾಡಿದ್ರು. "ಕಾರ್ಖಾನಿ ಅಂದ್ರ ಒಂದ ಕುಟುಂಬ ಅಂತಾರ ಕೆಲವರು. ಅಲ್ಲ, ಮಾಲಕ ಬ್ಯಾರೆ, ಕೆಲಸಗಾರ ಬ್ಯಾರೆ, ಕುಂತು ಮಾತಾಡಿ ಬಗೀಹರಿಸ್ಕೋಬೇಕು ಅಂತಾರ ಕೆಲವರು. ಇನ್ನ ಕೆಲವರು, ಅದು ದುಡಿಯೋರನ್ನ ಹಿಂಡೊ ಗಾಣ ಅಂತಾರ." ಹನಮಂತಪ್ಪ ಮೊದಲನೇ ಮಾತಿಗೆ ಚಪ್ಪಾಳಿ ಹೊಡದ, ಮೂರನೇ ಮಾತಿಗೆ ಚಾ ತರಿಸಿದ. ಇಂವ ಚಪ್ಪಾಳಿ ಹೊಡದು ಚಾ ಕುಡದು ಬಂದ.

ಯುಗಾದಿ ದಿನ ಕಲ್ಲು ಕೊರಿಯೊ ಮಷೀನು ಅವನ ಬಲಗೈ ತಗೊಂಡ್ತು. ದವಾಖಾನ್ಯಾಗ ಕಣ್ಣು ಬಿಟ್ಟಾವ್ನ "ಕಾಕಾ ಬಂದನೇನು?" ಅಂತ ಕೇಳಿದ. ಯಾವ ಕಾಕಾ? ಒಂದು ಎಳನೀರೂ ಕಳಸಲಿಲ್ಲ.

ನಾನ ಬಡಿದಾಡಿ ಹುನಗುಂದ ಕೋರ್ಟಿನಾಗ ಪರಿಹಾರಕ್ಕ ಕೇಸ ಹಾಕಿಸಿದೆ. ಕೆಲಸಗಾರ ಅಂತ ಸಾಬೀತಾದ್ರ ಪರಿಹಾರ, ಇಲ್ಲಂದ್ರ ಏನೂ ಇಲ್ಲ. ಅವನ ಜೋಡಿ ದುಡಿಯೋರು ಒಬ್ಬರೂ ಸಾಕ್ಷಿಗೆ ಬರಲಿಲ್ಲ, ಅವರಿಗೂ ಹೊಟ್ಟಿ ಐತಿ. "ನಾ ಕೆಲಸಗಾರ, ಇವರು ಮಾಲಕರು, ಅಷ್ಟ ಹೇಳು" ಅಂತ ಬಸ್ಸಿನಾಗ ಗಿಳಿಗೆ ಹೇಳಿದಂಗ ಹೇಳಿದ್ದೆ.

ಹನಮಂತಪ್ಪನ ವಕೀಲ ಭಾಳ ಪ್ರೀತೀಲೆ ಕೇಳಿದ: "ಏನಪಾ ಹಣಮೇಶ, ಇಲ್ಲಿ ಕುಂತಾರಲ್ಲ, ಇವರು ನಿನಗ ಏನಾಗಬೇಕು?"

ಹಾಂಗ ಕೇಳಿದ್ರ ನಮ್ಮ ಕಡೆ ಯಾರರ ಏನ ಹೇಳ್ತಾರ? ಇಂವ ಇದ್ದೊಂದು ಕೈ ಎದಿಗೆ ಹಚ್ಚಿ, "ಕಾಕಾ ಆಗಬೇಕ್ರಿ" ಅಂದ.

ಹನಮಂತಪ್ಪ ಕಣ್ಣೀರ ಒರಸಿಕೊಂಡ, ಭಾಡ್ಯಾ! "ನಮ್ಮ ಅಣ್ಣನ ಮಗ ಇದ್ದಂಗ್ರಿ. ಸುಮ್ಮ ನೋಡಾಕ ಬರ್ತಿದ್ದ. ಮಷೀನ ಮುಟ್ಟಬ್ಯಾಡ ಅಂತ ಎಷ್ಟ ಹೇಳಿದ್ನಿ" ಅಂದ. ಕೇಸು ಬಿದ್ದಹೋತು.

ಮರುದಿನ ಇಂವ ಫ್ಯಾಕ್ಟರಿಗೆ ಹೋದ. ನಾನೂ ಬೆನ್ನ ಹತ್ತಿದೆ. ಗೇಟ ಕಾಯೋ ಚಾಂದಸಾಬ ಅಡ್ಡ ನಿಂತ.

"ಕಾಕಾಗ ಹೇಳೋ ಚಾಂದಸಾಬ, ಎಡಗೈಲೆ ಕಸಾ ಹೊಡಿತೇನಿ."

ಚಾಂದಸಾಬ ಒಳಗ ಹೋಗಿ ಬಂದ. ನಮ್ಮ ಮಾರಿ ನೋಡಲಿಲ್ಲ.

"ಕೆಲಸ ಇಲ್ಲಂತ. ಮತ್ತ ಇನ್ನ ಮ್ಯಾಲೆ ಕಾಕಾ ಅನಬಾರದಂತ. ಸಾವಕಾರ್ರ ಅನಬೇಕಂತ."